ಕೀಟೋ ಬ್ರೆಡ್: ಗ್ಲುಟೆನ್ನಿನದೋ, ಬಾದಾಮಿಯದೋ?

ಕೀಟೋ ಆಹಾರಕ್ರಮದಲ್ಲಿ ದಿನವೊಂದಕ್ಕೆ ಸಾಮಾನ್ಯವಾಗಿ 20ರಿಂದ 50 ಗ್ರಾಂ ಕಾರ್ಬೋಹೈಡ್ರೇಟ್‌ಗೆ ಮಾತ್ರ ಅವಕಾಶವಿದೆ. ಹಾಸನದಂಥ ಊರಿನಲ್ಲಿ ಅದನ್ನು ಪಾಲಿಸಹೊರಟವರು ಮುದ್ದೆ, ಅಕ್ಕಿರೊಟ್ಟಿ, ಇಡ್ಲಿ ಮೂರನ್ನೂ ಒಟ್ಟಿಗೇ ಬಿಡಬೇಕಾಗುತ್ತದೆ. ಬಿಟ್ಟ ಮೇಲೆ, ಬೆಳಗ್ಗೆ ಮೊಟ್ಟೆಗೋ ಪನೀರಿಗೋ ಜೊತೆಯಾಗಿ ಕೈಯಲ್ಲಿ ಹಿಡಿದು ಕಚ್ಚುವಂಥದ್ದೊಂದು ಬೇಕೆನಿಸುವುದು ಸಹಜ. ಆ ಕೊರತೆಯನ್ನು ತುಂಬುವುದಾಗಿ ಹೇಳಿಕೊಳ್ಳುವ ಬ್ರೆಡ್‌ಗಳನ್ನು ಕೆಲವು ತಿಂಗಳಿಂದ ಕೊಂಡು, ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ, ಕಾವಲಿಯ ಮೇಲೆ ಸುಟ್ಟು, ತಿಂದು ನೋಡಿದ್ದರ ಫಲ ಈ ಹೋಲಿಕೆ.

ಮೊದಲು ಬೇಕರಿಯ ಬ್ರೆಡ್. ಅಯ್ಯಂಗಾರ್ ಬೇಕರಿಗಳನ್ನು ನಾಡಿನ ಉದ್ದಗಲಕ್ಕೂ ಹಬ್ಬಿಸಿದವರಲ್ಲಿ ಹಾಸನ ಜಿಲ್ಲೆಯ ಕುಟುಂಬಗಳೇ ಹೆಚ್ಚಾಗಿರುವುದರಿಂದ ಇಲ್ಲಿ ಒಳ್ಳೆಯ ಬ್ರೆಡ್‌ಗೆ ಬರವಿಲ್ಲ. ಆದರೆ ಕೀಟೋ ಲೆಕ್ಕಕ್ಕೆ ಅದು ಒಗ್ಗುವುದಿಲ್ಲ. ಮೈದಾ ಬ್ರೆಡ್‌ನ 100 ಗ್ರಾಂನಲ್ಲಿ ಸುಮಾರು 50 ಗ್ರಾಂ ಕಾರ್ಬೋಹೈಡ್ರೇಟ್ ಇರುವುದರಿಂದ, ತಲಾ 30 ಗ್ರಾಂ ತೂಗುವ ಎರಡು ಸ್ಲೈಸ್ ತಿಂದರೆ ಸುಮಾರು 30 ಗ್ರಾಂ ಒಳಹೋಗುತ್ತದೆ, ಅಂದರೆ ಕಟ್ಟುನಿಟ್ಟಿನವರ ಇಡೀ ದಿನದ ಪಾಲನ್ನೂ ಮೀರಿದ್ದು. ಗೋಧಿ ಬ್ರೆಡ್‌ನಲ್ಲಿ ನಾರು ಸ್ವಲ್ಪ ಹೆಚ್ಚಿದ್ದರೂ ವ್ಯತ್ಯಾಸ ಬಹಳವಲ್ಲ. ಸೂಪರ್‌ಮಾರ್ಕೆಟ್ಟಿನ ಬ್ರೌನ್ ಮತ್ತು ಮಲ್ಟಿಗ್ರೇನ್ ಬ್ರೆಡ್‌ಗಳ ಮೇಲೆ ನನಗಿರುವುದು ಇದಕ್ಕಿಂತ ದೊಡ್ಡ ತಕರಾರು. ಪೊಟ್ಟಣದ ಮೇಲಿನ ಪದಾರ್ಥಗಳ ಪಟ್ಟಿಯನ್ನು ತೂಕದ ಇಳಿಕೆ ಕ್ರಮದಲ್ಲಿ ಬರೆಯಬೇಕೆಂಬ ನಿಯಮವಿದೆ. ನಾನು ಓದಿದ ಹಲವು ಪಟ್ಟಿಗಳಲ್ಲಿ ಮೊದಲ ಹೆಸರು ಮೈದಾ ಅಥವಾ ಗೋಧಿಹಿಟ್ಟು, ಕಂದುಬಣ್ಣಕ್ಕೆ ಕ್ಯಾರಮೆಲ್, ಧಾನ್ಯಗಳ ಹೆಸರು ಬರುವುದು ಕೊನೆಯ ಸಾಲುಗಳಲ್ಲಿ. ಇವೆರಡನ್ನೂ ಇಲ್ಲಿಗೇ ಕೈಬಿಡುತ್ತೇನೆ.

ಉಳಿಯುವುದು ನಿಜಕ್ಕೂ ಪೈಪೋಟಿಗೆ ನಿಲ್ಲುವ ಎರಡು ಬಗೆ. ಒಂದು, ಗೋಧಿಯಿಂದ ಪಿಷ್ಟವನ್ನು ತೊಳೆದು ತೆಗೆದ ಮೇಲೆ ಉಳಿಯುವ ಗ್ಲುಟೆನ್ ಪುಡಿಗೆ ಸೋಯಾ ಹಿಟ್ಟು, ಓಟ್ಸ್ ನಾರು, ಅಗಸೆ ಬೀಜ ಸೇರಿಸಿ, ಯೀಸ್ಟ್ ಹಾಕಿ ಉಬ್ಬಿಸಿದ ಬ್ರೆಡ್. ಇನ್ನೊಂದು, ಬಾದಾಮಿ ಹಿಟ್ಟು, ಮೊಟ್ಟೆ ಮತ್ತು ಇಸಬ್ಗೋಲ್ ಸೇರಿಸಿ ಬೇಯಿಸಿದ್ದು. ಇವೆರಡೂ ನಮ್ಮೂರಿನ ಅಂಗಡಿಗಳಲ್ಲಿ ಸುಲಭವಾಗಿ ಸಿಗದ ಕಾರಣ ಬೆಂಗಳೂರಿನಿಂದ ತರಿಸಿಕೊಂಡೆ; ಬೆಲೆ ಬೇಕರಿಯ ಒಂದು ಪೌಂಡ್ ಬ್ರೆಡ್‌ನ ಹಲವು ಪಟ್ಟು, ಅದರಲ್ಲೂ ಬಾದಾಮಿಯದು ಇನ್ನೂ ದುಬಾರಿ.

ರುಚಿಗಿಂತ ಮೊದಲು ಲೇಬಲ್ಲಿನ ವಿಚಾರ, ಏಕೆಂದರೆ ಗೊಂದಲವಿರುವುದೆಲ್ಲ ಅಲ್ಲಿಯೇ. ಕೀಟೋ ಪಾಲಿಸುವವರು ಒಟ್ಟು ಕಾರ್ಬೋಹೈಡ್ರೇಟ್‌ನಿಂದ ನಾರನ್ನು ಕಳೆದು ಉಳಿದದ್ದನ್ನು ಲೆಕ್ಕಕ್ಕೆ ಹಿಡಿಯುತ್ತಾರೆ. ಆದರೆ ಅಮೆರಿಕದ ಲೇಬಲ್ ಪದ್ಧತಿಯಲ್ಲಿ ನಾರು ಕಾರ್ಬೋಹೈಡ್ರೇಟ್‌ನ ಒಳಗೇ ಸೇರಿರುತ್ತದೆ, ಯುರೋಪಿನ ಪದ್ಧತಿಯಲ್ಲಿ ಹೊರಗಿರುತ್ತದೆ. ಈಗಾಗಲೇ ಹೊರಗಿಟ್ಟದ್ದನ್ನು ನಾವು ಮತ್ತೆ ಕಳೆದರೆ ಲೆಕ್ಕ ಕೆಡುತ್ತದೆ. ಕೈಯಲ್ಲಿರುವ ಪೊಟ್ಟಣ ಯಾವ ಪದ್ಧತಿಯದೆಂದು ತಿಳಿಯಲು ಅದರ ಕ್ಯಾಲೊರಿಯನ್ನೇ ಸಾಕ್ಷಿಗೆ ಕರೆಯಬಹುದು. ಒಂದು ಗ್ರಾಂ ಪ್ರೋಟೀನಿಗೆ 4, ಕೊಬ್ಬಿಗೆ 9, ನಾರನ್ನು ಬಿಟ್ಟ ಕಾರ್ಬೋಹೈಡ್ರೇಟ್‌ಗೆ 4, ನಾರಿಗೆ ಸುಮಾರು 2 ಕ್ಯಾಲೊರಿ. ಉದಾಹರಣೆಗೆ, 100 ಗ್ರಾಂನಲ್ಲಿ ಪ್ರೋಟೀನ್ 20, ಕೊಬ್ಬು 10, ಕಾರ್ಬೋಹೈಡ್ರೇಟ್ 35, ನಾರು 22 ಗ್ರಾಂ ಎಂದು ಬರೆದಿದೆ ಎನ್ನೋಣ. ನಾರು ಆ 35ರ ಒಳಗಿದ್ದರೆ ಮೊತ್ತ 266 ಕ್ಯಾಲೊರಿ, ಹೊರಗಿದ್ದರೆ 354. ಪೊಟ್ಟಣದ ಮೇಲಿನ ಸಂಖ್ಯೆ ಯಾವುದಕ್ಕೆ ಹತ್ತಿರವಿದೆಯೆಂದು ನೋಡಿದರೆ, ನಮ್ಮ ಪಾಲಿಗೆ ಬರುವುದು 13 ಗ್ರಾಮೋ 35 ಗ್ರಾಮೋ ಎಂಬುದು ಗೊತ್ತಾಗುತ್ತದೆ. ‘ಒಂದು ಸ್ಲೈಸಿಗೆ ಇಷ್ಟೇ’ ಎಂದು ಮುಂಭಾಗದಲ್ಲಿ ದೊಡ್ಡಕ್ಷರದಲ್ಲಿ ಮುದ್ರಿಸುವವರ ಸ್ಲೈಸು ಅಂಗೈಗಿಂತ ಚಿಕ್ಕದಿರುವುದೂ ಉಂಟು; ಹಾಗಾಗಿ ಹೋಲಿಕೆಯೇನಿದ್ದರೂ 100 ಗ್ರಾಂನ ಲೆಕ್ಕದಲ್ಲಿಯೇ ಆಗಬೇಕು.

ತಿನ್ನುವ ಮಾತಿಗೆ ಬಂದರೆ, ಗ್ಲುಟೆನ್ ಬ್ರೆಡ್ ನಿಸ್ಸಂದೇಹವಾಗಿ ಬ್ರೆಡ್ಡೇ. ಯೀಸ್ಟಿನಿಂದ ಹುಟ್ಟುವ ಅನಿಲವನ್ನು ಹಿಡಿದಿಟ್ಟುಕೊಳ್ಳುವ ಜಾಲ ಗ್ಲುಟೆನ್ನಿನದೇ ಆದ್ದರಿಂದ ಅದು ಹಗುರವಾಗಿ ಉಬ್ಬುತ್ತದೆ, ಮಡಿಸಿದರೆ ಮುರಿಯುವುದಿಲ್ಲ. ಬೇಕರಿಯವರಂತೆ ಈರುಳ್ಳಿ, ಸ್ವಲ್ಪ ಕ್ಯಾರೆಟ್ ತುರಿ, ಹಸಿಮೆಣಸಿನಕಾಯಿ, ಕೊತ್ತಂಬರಿ ಹುರಿದು, ಬೆಣ್ಣೆ ಸವರಿದ ಸ್ಲೈಸಿನ ಮೇಲೆ ಹರಡಿ ಖಾರದ ಟೋಸ್ಟ್ ಮಾಡಿದಾಗ ಮನೆಯವರಿಗೆ ಬ್ರೆಡ್ ಬೇರೆಯದೆಂದು ಥಟ್ಟನೆ ಗೊತ್ತಾಗಲಿಲ್ಲ. ಸುಡದೆ ಹಾಗೆಯೇ ತಿಂದರೆ ಮಾತ್ರ ರಬ್ಬರಿನಂತೆ ಜಗಿಯಬೇಕಾಗುತ್ತದೆ, ಸೋಯಾದ ಹಸಿ ವಾಸನೆಯೂ ಸ್ವಲ್ಪ ಉಳಿದಿರುತ್ತದೆ. ನಾರು ಒಮ್ಮೆಲೇ ಹೆಚ್ಚಾಗುವುದರಿಂದ ಆರಂಭದಲ್ಲಿ ಹೊಟ್ಟೆಯುಬ್ಬರವಾಗಬಹುದು. ಗ್ಲುಟೆನ್ ತಿಂದರೆ ಕರುಳಿಗೆ ಹಾನಿಯಾಗುವ ಸೀಲಿಯಾಕ್ ಕಾಯಿಲೆ ಇರುವವರಂತೂ ಇದನ್ನು ಮುಟ್ಟಲೇಬಾರದು.

ಬಾದಾಮಿಯದು ಬ್ರೆಡ್ಡಿಗಿಂತ ಖಾರವೂ ಸಿಹಿಯೂ ಇಲ್ಲದ ಕೇಕಿಗೆ ಹತ್ತಿರ. ಬಾದಾಮಿ ಹಿಟ್ಟಿನ 100 ಗ್ರಾಂನಲ್ಲಿ ನಾರು ಕಳೆದು ಉಳಿಯುವುದು ಸುಮಾರು 10 ಗ್ರಾಂ ಕಾರ್ಬೋಹೈಡ್ರೇಟ್ ಮಾತ್ರ. ಮೊಟ್ಟೆ, ಇಸಬ್ಗೋಲ್ ಸೇರಿದ ಮೇಲೆ ಬ್ರೆಡ್‌ನಲ್ಲಿ ಅದಕ್ಕಿಂತಲೂ ಕಡಿಮೆ. ಇದರಲ್ಲಿ ಜಾಲ ಕಟ್ಟುವ ಗ್ಲುಟೆನ್ ಇಲ್ಲದಿರುವುದರಿಂದ ನೀರು ಹೀರಿ ಲೋಳೆಯಾಗುವ ಇಸಬ್ಗೋಲೇ ಆ ಕೆಲಸ ಮಾಡಬೇಕು. ಅದರ ಪ್ರಮಾಣ ಹೆಚ್ಚಾದ ಬ್ರೆಡ್ ಒಳಗೆ ಅಂಟಂಟಾಗಿರುತ್ತದೆ, ಕಡಿಮೆಯಾದದ್ದು ಬೆಣ್ಣೆ ಸವರುವಾಗಲೇ ಪುಡಿಯಾಗುತ್ತದೆ. ಖಾರದ ಟೋಸ್ಟಿಗೆ ಇದು ತಡೆಯಲಿಲ್ಲ. ಸಕ್ಕರೆಯಿಲ್ಲದ ಫಿಲ್ಟರ್ ಕಾಫಿಯ ಜೊತೆಗೆ ಬೆಣ್ಣೆ ಹಚ್ಚಿ ತಿಂದಾಗ, ಅಥವಾ ಕಾಯಿಚಟ್ನಿಯೊಂದಿಗೆ, ಗ್ಲುಟೆನ್ ಬ್ರೆಡ್‌ಗಿಂತ ಎಷ್ಟೋ ಪಾಲು ರುಚಿಯೆನಿಸಿತು; ಒಂದೂವರೆ ಸ್ಲೈಸಿಗೇ ಹೊಟ್ಟೆ ತುಂಬುತ್ತದೆ. ಬಾದಾಮಿ ಹಿಟ್ಟು 100 ಗ್ರಾಂಗೆ 600 ಕ್ಯಾಲೊರಿಯ ಆಸುಪಾಸಿನದೆಂಬುದನ್ನು ತೂಕ ಇಳಿಸಹೊರಟವರು ಮರೆಯದಿದ್ದರೆ ಒಳ್ಳೆಯದು. ಮೊಟ್ಟೆಯಿರುವುದರಿಂದ ಇದರ ಪೊಟ್ಟಣದ ಮೇಲೆ ಮಾಂಸಾಹಾರದ ಗುರುತಿರುತ್ತದೆ, ಆದ್ದರಿಂದ ಸಸ್ಯಾಹಾರಿ ಮನೆಗಳಲ್ಲಿ ಆಯ್ಕೆ ಅಲ್ಲಿಗೇ ಮುಗಿಯಿತು.

ದಿನಕ್ಕೆ 20 ಗ್ರಾಂ ಗಡಿಯೊಳಗೆ ಇರಲೇಬೇಕೆನ್ನುವವರಿಗೆ ನಾನು ಬಾದಾಮಿಯದನ್ನೇ ಹೇಳುತ್ತೇನೆ. 50ರ ಆಸುಪಾಸಿನಲ್ಲಿರುವವರು, ಮಧ್ಯಾಹ್ನದ ಡಬ್ಬಿಗೆ ಸ್ಯಾಂಡ್‌ವಿಚ್ ಒಯ್ಯುವವರು ಗ್ಲುಟೆನ್ನಿನದನ್ನು ಕೊಳ್ಳುವುದು ಲೇಸು. ನನ್ನ ಮನೆಯಲ್ಲಿ ಈಗ ತಪ್ಪದೆ ಬರುತ್ತಿರುವುದು ಅದೇ. ಸಕ್ಕರೆ ಕಾಯಿಲೆಯಿರುವವರು ಲೇಬಲ್ಲನ್ನಷ್ಟೇ ನಂಬದೆ, ತಿನ್ನುವ ಮೊದಲು ಮತ್ತು ತಿಂದ ಎರಡು ಗಂಟೆಯ ನಂತರ ಗ್ಲೂಕೋಮೀಟರಿನಲ್ಲಿ ನೋಡಿಕೊಳ್ಳಬೇಕು. ಇನ್ಸುಲಿನ್, ಗ್ಲಿಮೆಪಿರೈಡ್ ಅಥವಾ ಡಾಪಾಗ್ಲಿಫ್ಲೋಜಿನ್ ತೆಗೆದುಕೊಳ್ಳುತ್ತಿರುವವರು ವೈದ್ಯರನ್ನು ಕೇಳದೆ ಕೀಟೋವನ್ನೇ ಆರಂಭಿಸಕೂಡದು, ಬ್ರೆಡ್‌ನ ಮಾತು ಆಮೇಲಿನದು.

ಸಂರಕ್ಷಕ ಹಾಕದ ಬ್ರೆಡ್ ಮಳೆಗಾಲದಲ್ಲಿ, ಅದರಲ್ಲೂ ಸಕಲೇಶಪುರದ ಕಡೆಯ ತೇವದಲ್ಲಿ, ಹೊರಗಿಟ್ಟರೆ ಬೇಗ ಬೂಷ್ಟು ಹಿಡಿಯುತ್ತದೆ. ಪಾರ್ಸೆಲ್ ಬಂದ ದಿನವೇ ಸ್ಲೈಸುಗಳ ನಡುವೆ ಬಟರ್ ಪೇಪರ್ ಇಟ್ಟು ಫ್ರೀಜರಿಗೆ ಹಾಕಿ, ಬೇಕಾದಷ್ಟನ್ನೇ ತೆಗೆದು ನೇರವಾಗಿ ಕಾವಲಿಗೆ ಹಾಕಿದರೆ ಗ್ಲುಟೆನ್ ಬ್ರೆಡ್ ಮೊದಲಿನಂತೆಯೇ ಇರುತ್ತದೆ. ಬಾದಾಮಿಯದನ್ನು ಮಾತ್ರ ಸ್ವಲ್ಪ ಹೊತ್ತು ಹೊರಗಿಟ್ಟು, ಸಣ್ಣ ಉರಿಯಲ್ಲಿ ಬಿಸಿ ಮಾಡಬೇಕು.