ಓದಿದ ವಿಶ್ವವಿದ್ಯಾಲಯಕ್ಕೆ ದೇಣಿಗೆ: ಐದಕ್ಕೆ ಮೂರೂವರೆ

ನಾನು ಓದಿದ್ದು ದೊಡ್ಡ ಹೆಸರಿನ ವಿಶ್ವವಿದ್ಯಾಲಯದಲ್ಲಲ್ಲ. ಸುತ್ತಮುತ್ತಲ ಊರುಗಳ ಮಕ್ಕಳೇ ಬರುವ ಜಾಗ ಅದು. ಅದರ ದೇಣಿಗೆ ವಿಭಾಗಕ್ಕೆ ಎರಡು ವರ್ಷದಿಂದ ತಿಂಗಳು ತಿಂಗಳು ಸ್ವಲ್ಪ ದುಡ್ಡು ಕಳಿಸುತ್ತಿದ್ದೇನೆ. ಲೆಕ್ಕಪತ್ರದಲ್ಲೇ ತಲೆ ನರೆತವನು, ರಸೀದಿ ಕಂಡರೆ ಸುಮ್ಮನೆ ಬಿಡುವುದಿಲ್ಲ.

ಮೊದಲು ದೇಣಿಗೆ ಕೇಳಿ ಫೋನ್ ಮಾಡಿದ್ದು ಎರಡನೇ ವರ್ಷದ ವಿದ್ಯಾರ್ಥಿನಿ. ಬರೆದುಕೊಟ್ಟದ್ದನ್ನು ಒಪ್ಪಿಸುತ್ತಿದ್ದಳು. ನಡುವೆ "ನೀವಿದ್ದಾಗ ಲೈಬ್ರರಿ ಯಾವ ಕಟ್ಟಡದಲ್ಲಿತ್ತು ಸರ್?" ಅಂದಳು. ಅದು ಕಾಗದದಲ್ಲಿ ಇದ್ದದ್ದಲ್ಲ. ನಾನು ಒಪ್ಪಿದ್ದು ಅಲ್ಲೇ.

ವಿದ್ಯಾರ್ಥಿವೇತನದ ಕೆಲಸ ಅಚ್ಚುಕಟ್ಟು. ದುಡ್ಡು ಈ ವರ್ಷವೇ ಖರ್ಚಾಗಬೇಕೋ, ಇಡುಗಂಟಾಗಿ ದತ್ತಿನಿಧಿಯಲ್ಲಿ ಉಳಿಯಬೇಕೋ ಅಂತ ಮೊದಲೇ ಕೇಳುತ್ತಾರೆ. ದತ್ತಿಯಿಂದ ಸಾಮಾನ್ಯವಾಗಿ ವರ್ಷಕ್ಕೆ ನೂರಕ್ಕೆ 4-5ರಷ್ಟನ್ನೇ ತೆಗೆಯುವುದು. ಒಬ್ಬರ ಶುಲ್ಕವನ್ನು ಅದು ಕಾಯಮ್ಮಾಗಿ ಹೊರಬೇಕೆಂದರೆ ಶುಲ್ಕದ 20-25 ಪಟ್ಟು ಇಡುಗಂಟು ಬೇಕು. ಇದನ್ನು ಮುಚ್ಚಿಡದೆ ಹೇಳಿ, "ನಿಮ್ಮ ಮೊತ್ತಕ್ಕೆ ಈ ವರ್ಷದ ನಿಧಿಯೇ ಸರಿ" ಅಂದರು. ದೊಡ್ಡ ಮಾತಾಡಿ ಹೆಚ್ಚು ಕೀಳಲು ನೋಡಲಿಲ್ಲ. ವರ್ಷದ ಕೊನೆಗೆ ಹುಡುಗನೊಬ್ಬನ ಪತ್ರವೂ ಬಂತು. ರಾತ್ರಿ ಪಾಳಿಯ ಕೆಲಸ ಬಿಟ್ಟು ಬೆಳಗಿನ ಪ್ರಯೋಗಾಲಯಕ್ಕೆ ಹೋಗುತ್ತಿದ್ದೇನೆ ಅಂತ ನಾಲ್ಕೇ ಸಾಲು. ಸಾಕಿತ್ತು.

ತಕರಾರು ಇರುವುದು ಅಧ್ಯಾಪಕರ ನಿಧಿಯದು. ಫಾರಂನಲ್ಲಿ ಅದನ್ನು ಹುಡುಕಬೇಕು, "ಇತರೆ" ಒತ್ತಿದರೆ ಕೊನೆಯಲ್ಲಿ ಸಿಗುತ್ತದೆ. ಅರ್ಧ ದುಡ್ಡು ಅಲ್ಲಿಗೆ ಅಂತ ಗುರುತು ಮಾಡಿದ್ದೆ, ರಸೀದಿಯಲ್ಲಿ ಪೂರ್ತಿ "ಸಾಮಾನ್ಯ ನಿಧಿ". ನಿಧಿಯ ಹೆಸರು ಹೇಳಿ ಕೊಟ್ಟದ್ದನ್ನು ಅದಕ್ಕೇ ಬಳಸಬೇಕು, ಇದು ಈ ಕೆಲಸದ ಅ ಆ ಇ ಈ. ಮೂರು ಇಮೇಲ್ ಆದ ಮೇಲೆ ಸರಿಯಾಯಿತು, ಆ ಹೊತ್ತಿಗೆ ನನ್ನ ಹೆಸರು ತಪ್ಪಿತ್ತು!

ವಾರ್ಷಿಕ ವರದಿಯಲ್ಲೂ ಅದೇ ಕಥೆ. ಪುಟ ಪುಟವೂ ಮಕ್ಕಳ ಫೋಟೋ, ಅಧ್ಯಾಪಕರಿಗೆ ಒಂದು ಪ್ಯಾರಾ. ರಾಸಾಯನಿಕ ತರಿಸುವುದು, ಸಮ್ಮೇಳನಕ್ಕೆ ಹೋಗಿಬರುವುದು, ಸಂಶೋಧನೆಗೆ ಒಂದು ಅವಧಿ ಪಾಠದಿಂದ ಬಿಡುವು ಕೊಡುವುದು, ಈ ನಿಧಿಯ ಇಂಥ ಕೆಲಸಗಳು ಫೋಟೋಕ್ಕೆ ಸಿಗುವಂಥವಲ್ಲ ನಿಜ. ಆದರೆ ಹೆನ್ರಿ ಲ್ಯೂಕಾಸ್ ಎಂಬ ದಾನಿ ಬಿಟ್ಟುಹೋದ ದುಡ್ಡಿನಿಂದ 1663ರಲ್ಲಿ ಕೇಂಬ್ರಿಜ್‌ನಲ್ಲಿ ಆದ ಗಣಿತ ಪೀಠಕ್ಕೆ, ಅಂದರೆ ಪ್ರಾಧ್ಯಾಪಕ ಹುದ್ದೆಗೆ, ಎರಡನೆಯವನಾಗಿ ಬಂದವನು ನ್ಯೂಟನ್. ಅದೂ ಅಧ್ಯಾಪಕರಿಗೆಂದು ಕೊಟ್ಟ ದುಡ್ಡೇ.

ಕೊಡುವವರಿಗೆ ಒಂದು ಮಾತು: "ಪ್ರತಿ ತಿಂಗಳು" ಎಂಬಲ್ಲಿ ಅವರೇ ಟಿಕ್ ಹಾಕಿಟ್ಟಿರುತ್ತಾರೆ, ನೋಡಿಕೊಳ್ಳಿ. ಅಧ್ಯಾಪಕರ ನಿಧಿಯಿಂದ ಈವರೆಗೆ ನನಗೆ ಒಂದು ಸಾಲೂ ಬಂದಿಲ್ಲ. ಏನು ಕೊಂಡರು ಅಂತ ಚೀಟಿ ಕಳಿಸಿದರೂ ಅರ್ಧ ನಕ್ಷತ್ರ ಸೇರಿಸುತ್ತೇನೆ.