ಸಂಬಳ ಎಷ್ಟು ಕೇಳಬೇಕು? ಈ ಸರ್ಕಾರಿ ಜಾಲತಾಣ ನೋಡಿ

ನ್ಯೂಯಾರ್ಕಿನ ಕ್ವೀನ್ಸ್‌ನಲ್ಲಿ ಗೋದಾಮೊಂದರ ಆಪರೇಷನ್ಸ್ ಮ್ಯಾನೇಜರ್ ನಾನು. ಇದೇ ಕೆಲಸ ಹುಡುಕುವ ನಮ್ಮ ಕಡೆಯ ಹುಡುಗರಿಗೆಲ್ಲ ಮೊದಲು ತೋರಿಸುವುದು ಅಮೆರಿಕದ ಕಾರ್ಮಿಕ ಅಂಕಿಅಂಶ ಇಲಾಖೆ ಬಿಎಲ್‌ಎಸ್‌ನ ಜಾಲತಾಣ. ಪುಕ್ಕಟೆ, ಲಾಗಿನ್ ಬೇಡ. ಅಂಕಿ ಬರುವುದು ಕಂಪನಿಗಳ ಸಮೀಕ್ಷೆಯಿಂದ, ಯಾರೋ ಬಾಯಿಗೆ ಬಂದಂತೆ ತುಂಬಿದ್ದಲ್ಲ.

ನಮ್ಮ ಹುದ್ದೆಯ ಸಂಕೇತ 11-1021. 2023ರ ಮೇ ಲೆಕ್ಕದಂತೆ ಇಡೀ ದೇಶದ ಸರಾಸರಿ ವರ್ಷಕ್ಕೆ 1,29,330 ಡಾಲರ್, ಮಧ್ಯಾಂಕ (ಅರ್ಧ ಜನರಿಗೆ ಇದಕ್ಕಿಂತ ಕಡಿಮೆ, ಅರ್ಧ ಜನರಿಗೆ ಹೆಚ್ಚು) 1,01,280. ದಯವಿಟ್ಟು ಮಧ್ಯಾಂಕವನ್ನೇ ನಂಬಿ. ಮೇಲಿನ ಕೆಲವರ ಭಾರಿ ಸಂಬಳ ಸರಾಸರಿಯನ್ನು ಎತ್ತಿಬಿಡುತ್ತದೆ. ನ್ಯೂಯಾರ್ಕ್ ವಲಯದ ಅಂಕಿ ಇನ್ನೂ ಮೇಲಿದೆ. ಆದರೆ ನ್ಯೂಜೆರ್ಸಿಯ ನೆವಾರ್ಕ್, ಜೆರ್ಸಿ ಸಿಟಿಯೂ ಅದರೊಳಗೇ ಬರುತ್ತವೆ.

ಕೊರತೆ ಎಂದರೆ, ಗೋದಾಮು, ಹೋಟೆಲ್, ಬ್ಯಾಂಕು ಎಲ್ಲದರ ಆಪರೇಷನ್ಸ್ ಮ್ಯಾನೇಜರುಗಳೂ ಒಂದೇ ಸಂಕೇತದಡಿ. ವರ್ಷಾಂತ್ಯದ ಬೋನಸ್ ಲೆಕ್ಕಕ್ಕಿಲ್ಲ. ಹಾಗಾಗಿ ಉದ್ಯೋಗ ಜಾಹೀರಾತುಗಳನ್ನೂ ಪಕ್ಕದಲ್ಲಿಟ್ಟುಕೊಳ್ಳಿ. 2022ರ ನವೆಂಬರ್ 1ರಿಂದ ನ್ಯೂಯಾರ್ಕ್ ನಗರದಲ್ಲಿ ನಾಲ್ಕು ಅಥವಾ ಹೆಚ್ಚು ನೌಕರರಿರುವ ಸಂಸ್ಥೆಗಳು ಕನಿಷ್ಠ, ಗರಿಷ್ಠ ಸಂಬಳ ಎರಡನ್ನೂ ಪ್ರಕಟಿಸಲೇಬೇಕು. ನನಗೆ ಅತಿ ಉಪಕಾರವಾದ ಕಾನೂನು ಇದು.

ಒಪ್ಪಿಕೊಳ್ಳುವ ಮುಂಚೆ ಬಾಡಿಗೆಯ ಲೆಕ್ಕ ಹಾಕಿ. ತಿಂಗಳ ಬಾಡಿಗೆಯ 40 ಪಟ್ಟು ವಾರ್ಷಿಕ ಸಂಬಳವಿರಬೇಕು ಅಂತ ಇಲ್ಲಿ ಬಹಳಷ್ಟು ಮನೆ ಮಾಲೀಕರು ಕೇಳುತ್ತಾರೆ. ಇಡೀ ದೇಶದ ಆ ಮಧ್ಯಾಂಕ ಸಂಬಳಕ್ಕೆ ಸಿಗುವುದು ಸುಮಾರು 2,500 ಡಾಲರಿನ ಮನೆ. ನಗರದೊಳಗೆ ವಾಸವಿದ್ದರೆ ನಗರದ ಆದಾಯ ತೆರಿಗೆ ಬೇರೆ, ಶೇ. 3.078ರಿಂದ 3.876.