ತುರ್ತು ಆಸರೆಯೋ, ರಜೆಯ ಪೋಷಣೆಯೋ, ತಿಂಗಳುಗಟ್ಟಲೆಯೋ?

ಮಗುವಿಗೆ ಸ್ವಲ್ಪ ಕಾಲ ಮನೆ ಕೊಡುವ ಆಸೆಯಿದೆ, ಯಾವುದಕ್ಕೆ ಹೆಸರು ಕೊಡಲಿ ಅಂತ ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ ಕೇಳಿದ್ದೀರಿ. ಮೂರು ದಾರಿಗಳಿವೆ: ದಿಢೀರನೆ ಬರುವ ಮಗುವಿಗೆ ತುರ್ತು ಆಸರೆ, ಶಾಲೆಯ ರಜೆಗಷ್ಟೇ ಪೋಷಣೆ, ಇಲ್ಲವೇ ತಿಂಗಳುಗಟ್ಟಲೆಯ ಪೋಷಣೆ. ಮೂರಕ್ಕೂ ಮಕ್ಕಳ ಕಲ್ಯಾಣ ಸಮಿತಿಯ (ಆಸರೆ ಬೇಕಾದ ಮಕ್ಕಳ ಬಗ್ಗೆ ತೀರ್ಮಾನಿಸುವ ಜಿಲ್ಲೆಯ ಸರ್ಕಾರಿ ಸಮಿತಿ) ಒಪ್ಪಿಗೆ ಬೇಕು. ಯಾವುದೂ ದತ್ತು ಅಲ್ಲ.

ಸಿದ್ಧತೆ ನೋಡಿದರೆ ತುರ್ತು ಆಸರೆಯೇ ಕಷ್ಟ. ಸಂಕಷ್ಟದಲ್ಲಿ ಸಿಕ್ಕ ಮಗುವನ್ನು 24 ಗಂಟೆಯೊಳಗೆ ಸಮಿತಿಯ ಮುಂದೆ ತರಬೇಕು. ಹಾಗಾಗಿ ನಿಮಗೆ ಸಮಯ ಸಿಗುವುದಿಲ್ಲ. ಮಗು ಬರೀ ಮಲಯಾಳ ಆಡಬಹುದು, ಬದಲಿಸಲು ಬಟ್ಟೆಯೂ ಇಲ್ಲದಿರಬಹುದು. ಮೊದಲ ರಾತ್ರಿ ಪ್ರಶ್ನೆ ಕೇಳಬೇಡಿ. ಬಿಸಿ ಗಂಜಿ ಕೊಡಿ, ಬಚ್ಚಲು ತೋರಿಸಿ, ಒಂದು ಲೈಟು ಉರಿಯಲಿ. ಸದಾ ಮನೆಯಲ್ಲಿರುವವರು ಯಾರಾದರೂ ಇದ್ದರೆ ಮಾತ್ರ ಇದಕ್ಕೆ ಮುಂದಾಗಿ.

ನೀವು ಟೀಚರಾಗಿದ್ದರೆ ರಜೆಯ ಪೋಷಣೆ ಹೊಂದುತ್ತದೆ. ಕೇರಳದಲ್ಲಿ ಬಾಲಮಂದಿರದ ಮಕ್ಕಳನ್ನು ಬೇಸಿಗೆ ರಜೆಗೆ ಮನೆಗಳಿಗೆ ಕಳಿಸುತ್ತಾರೆ. ಆದರೆ ಶಾಲೆ ಶುರುವಾಗುವಾಗ ಬೀಳ್ಕೊಡುವುದು ಮಗುವಿಗೇ ಜಾಸ್ತಿ ನೋವು, ಅಲ್ವಾ? ಇಲ್ಲೇ ಇಟ್ಟುಕೊಳ್ತೇವೆ ಅಂತ ಸುಮ್ನೆ ಮಾತು ಕೊಡಬೇಡಿ.

ತಿಂಗಳುಗಟ್ಟಲೆ ಇರುವುದಾದರೆ ಶಾಲೆಯೇ ಮುಖ್ಯ. ಮಲಯಾಳ ಮಾಧ್ಯಮದ ಮಗುವನ್ನು ಕನ್ನಡಕ್ಕೆ ಎಳೆಯುವುದು ಸರಿಯಲ್ಲ. ಹತ್ತಿರ ಅದೇ ಮಾಧ್ಯಮದ ಶಾಲೆ ಇದ್ದರೆ ಒಪ್ಪಿಕೊಳ್ಳಿ. ಮಕ್ಕಳ ರಕ್ಷಣೆಗಿರುವ ಕೇಂದ್ರದ ಯೋಜನೆ ಮಿಷನ್ ವಾತ್ಸಲ್ಯದಲ್ಲಿ ತಿಂಗಳಿಗೆ 4,000 ರೂಪಾಯಿ ನೆರವಿದೆ, ಅದನ್ನೇ ನಂಬಿಕೊಂಡು ಹೊರಡಬೇಡಿ. ಅಣ್ಣ-ತಂಗಿಯನ್ನು ಒಟ್ಟಿಗೇ ಇಡಬೇಕೆಂಬುದು ಕಾನೂನಿನ ಆಶಯ. ಇಬ್ಬರಿಗೂ ಜಾಗವಿದ್ದರೆ ಅರ್ಜಿಯಲ್ಲೇ ಹೇಳಿಬಿಡಿ.